ಟೋಪಿ ತಗ್ಗಿಸಿದ ಫೋರ್ಡ್: ಹಳೆಯ ಡ್ರ್ಯಾಗ್ ಕಾರಿನ ಕಿರುಮಾದರಿ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಕಾರಿನ ಮಾತು?

1932ರ ಫೋರ್ಡ್ ಕೂಪೆ. ಎರಡು ಬಾಗಿಲು, ಒಂದೇ ಸಾಲು ಸೀಟು, ಹಿಂದೆ ಡಿಕ್ಕಿ. ಸಾಮಾನ್ಯರು ಕೊಳ್ಳುವ ಬೆಲೆಯ ಕಾರಿಗೆ ಫೋರ್ಡ್ ಕಂಪನಿ ವಿ8 (ಎಂಟು ಸಿಲಿಂಡರಿನ) ಎಂಜಿನ್ ಕೂರಿಸಿದ್ದು ಆ ವರ್ಷವೇ: 221 ಘನ ಇಂಚು, 65 ಅಶ್ವಶಕ್ತಿ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಈ ಕಾರುಗಳು ಹಳೆಯವಾಗಿದ್ದವು, ಅಗ್ಗವಾಗಿದ್ದವು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅವನ್ನು ಕೊಂಡು ಮಡ್‌ಗಾರ್ಡ್ ಕಿತ್ತರು, ಛಾವಣಿ ಕತ್ತರಿಸಿ ತಗ್ಗಿಸಿದರು, ದೊಡ್ಡ ಎಂಜಿನ್ ತುರುಕಿದರು. ಆಮೇಲೆ ಕಾಲು ಮೈಲಿಯ, ಅಂದರೆ 402 ಮೀಟರಿನ ನೇರ ದಾರಿಯಲ್ಲಿ ಎರಡೆರಡಾಗಿ ನಿಲ್ಲಿಸಿ ಓಡಿಸಿದರು. ಹೀಗೆ ಮಾರ್ಪಡಿಸಿದ ಕಾರು ಹಾಟ್ ರಾಡ್, ಈ ಓಟ ಡ್ರ್ಯಾಗ್. 1950ರಲ್ಲಿ ಸಾಂಟಾ ಆನಾ ಊರಿನ ವಿಮಾನ ನಿಲ್ದಾಣದ ರನ್‌ವೇ ಮೇಲೆ ಇಂಥ ಓಟಗಳು ಆರಂಭವಾದವು. ಮರುವರ್ಷ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. 1955ರಲ್ಲಿ ವಿಲ್ಮಿಂಗ್ಟನ್‌ನಲ್ಲಿ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್ ಎಂಬ ಓಟದ ಅಂಗಳ ತೆರೆಯಿತು.

ನಾನು ಇಲ್ಲಿ ಹೇಳುವುದು 1959ರ ಹೊತ್ತಿಗೆ ಲಯನ್ಸ್‌ನಂಥ ಕಡೆ ಓಡಿರಬಹುದಾದ ಒಂದು ಕಾರಿನ ಬಗ್ಗೆ. ವರ್ಷವನ್ನು ಮೊದಲೇ ಹೇಳಿಬಿಟ್ಟೆ, ಬೇಕೆಂದೇ. ಎಂಜಿನ್ ಯಾವುದು, ಚಕ್ರ ಯಾವುದು, ಬಣ್ಣ ಯಾವುದು ಎಂಬ ಪ್ರಶ್ನೆಗಳೆಲ್ಲ "ಯಾವ ವರ್ಷ?" ಎಂಬ ಒಂದೇ ಪ್ರಶ್ನೆಯ ಮಕ್ಕಳು. ಮಾದರಿಯ ಬಿಡಿಭಾಗಗಳಿರುವ ಕಿಟ್ ಡಬ್ಬಿ ಬಿಚ್ಚುವ ಮೊದಲು ಮುಚ್ಚಳದ ಒಳಗಡೆ ಪೆನ್ಸಿಲ್‌ನಲ್ಲಿ ವರ್ಷ ಬರೆದುಕೊಳ್ಳಿ. ನಾನು ಹಾಗೆ ಮಾಡುತ್ತೇನೆ.

ಛಾವಣಿಯನ್ನು ತಗ್ಗಿಸುತ್ತಿದ್ದದ್ದು ಏಕೆ? ಅಂದಕ್ಕೋ, ವೇಗಕ್ಕೋ?

ಶುರುವಾದದ್ದು ವೇಗಕ್ಕೆ. ಡ್ರ್ಯಾಗ್ ಓಟಕ್ಕೂ ಮುಂಚೆ ಇದೇ ಹುಡುಗರು ಮುರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಯಂಗಳಗಳಲ್ಲಿ ಮೈಲಿಗಟ್ಟಲೆ ಓಡಿಸುತ್ತಿದ್ದರು. ಅಲ್ಲಿ ಗಾಳಿಯೇ ಶತ್ರು. ಗಾಳಿಯ ತಡೆ ಕಾರಿನ ಎದುರು ಮೈಯ ವಿಸ್ತಾರಕ್ಕೆ ತಕ್ಕಂತೆ ಏರುತ್ತದೆ, ವೇಗದ ವರ್ಗಕ್ಕೆ ತಕ್ಕಂತೆ ಇನ್ನೂ ಜೋರಾಗಿ ಏರುತ್ತದೆ. 1932ರ ಫೋರ್ಡ್ ಗಾಳಿಯ ಕಣ್ಣಿಗೆ ನಿಂತ ಬೀರುವಿನ ಹಾಗೆ. ಎತ್ತರ ಇಳಿಸಿದಷ್ಟೂ ಲಾಭ. ಬಾಬ್ ಮತ್ತು ಡಿಕ್ ಪಿಯರ್ಸನ್ ಸಹೋದರರ 1934ರ ಫೋರ್ಡ್ ಕೂಪೆಯ ಹಳೆಯ ಚಿತ್ರಗಳನ್ನು ಹುಡುಕಿ ನೋಡಿ. ಮುಂದಿನ ಗಾಜು ಹಿಂದಕ್ಕೆ ಮಲಗಿಯೇ ಬಿಟ್ಟಿದೆ, ಕಿಟಕಿ ಅಂಚೆಪೆಟ್ಟಿಗೆಯ ಬಾಯಿಯಷ್ಟು.

ಕಾಲು ಮೈಲಿಯ ಓಟದಲ್ಲಿ ಗಾಳಿಗಿಂತ ತೂಕ ಮತ್ತು ಹಿಡಿತ ಮುಖ್ಯ. ಆದರೂ ಚಾಪ್, ಅಂದರೆ ಛಾವಣಿ ತಗ್ಗಿಸುವುದು, ಉಳಿದುಕೊಂಡಿತು. ಕೆರೆಯಂಗಳದ ಕಾರುಗಳೇ ಭಾನುವಾರ ಡ್ರ್ಯಾಗ್ ಸ್ಟ್ರಿಪ್‌ಗೂ ಬರುತ್ತಿದ್ದದ್ದು ಒಂದು ಕಾರಣ. ನೋಡಲು ಚೆನ್ನಾಗಿತ್ತು ಎಂಬುದು ಇನ್ನೊಂದು, ಅದನ್ನು ಯಾರೂ ಬಾಯಿಬಿಟ್ಟು ಒಪ್ಪುತ್ತಿರಲಿಲ್ಲ.

ಚಾಪ್, ಚಾನೆಲ್, ಸೆಕ್ಷನ್: ಮೂರೂ ಒಂದೇ ಅಲ್ಲವೇ?

ಅಲ್ಲ. ಕಿಟಕಿ ಕಂಬಗಳನ್ನು ಕತ್ತರಿಸಿ ಛಾವಣಿ ಇಳಿಸುವುದು ಚಾಪ್. ನೆಲಹಾಸನ್ನು ಬಿಡಿಸಿ ಇಡೀ ಬಾಡಿಯನ್ನು ಚಾಸಿಯ ಮೇಲೆ ಕೆಳಕ್ಕೆ ಜಾರಿಸುವುದು ಚಾನೆಲ್. ಬಾಡಿಯ ಹೊಟ್ಟೆಯಿಂದಲೇ ಸುತ್ತಲೂ ಒಂದು ಪಟ್ಟಿ ತೆಗೆಯುವುದು ಸೆಕ್ಷನ್. ಅದನ್ನು ಈ ಕಾರಿಗೆ ಮಾಡಲು ಹೋಗಬೇಡಿ.

ಕಿಟ್ ಯಾವ ಅಳತೆಯದಿರಬೇಕು?

ಅಮೆರಿಕದ ಕಾರು ಕಿಟ್‌ಗಳಲ್ಲಿ 1:25 ಮತ್ತು 1:24 ಎರಡೂ ಇವೆ. ಕಿಟ್ ಕಂಪನಿಗಳಲ್ಲಿ ಎಎಂಟಿ ಮೊದಲಿನಿಂದಲೂ 1:25ರ ಕಡೆ, ಮೊನೊಗ್ರಾಂ ಹೆಚ್ಚಾಗಿ 1:24, ರೆವೆಲ್ ಎರಡರಲ್ಲೂ. ವ್ಯತ್ಯಾಸ ನೂರಕ್ಕೆ ನಾಲ್ಕು ಮಾತ್ರ. ಎಂಜಿನ್, ಟೈರ್‌ಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬಾಡಿ, ಚಾಸಿಯನ್ನು ಬೆರೆಸಿದರೆ ಮಾತ್ರ ಗೊತ್ತಾಗುತ್ತದೆ.

ನನ್ನ ಆಯ್ಕೆ 1:25. ಅದಕ್ಕೆ ಸೋಮಾರಿತನದ ಕಾರಣವೊಂದಿದೆ. ಈ ಪ್ರಮಾಣದಲ್ಲಿ ನಿಜ ಕಾರಿನ ಒಂದು ಇಂಚು ಮಾದರಿಯಲ್ಲಿ 1.016 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. "ಮೂರು ಇಂಚು ಚಾಪ್" ಎಂದು ಓದಿದರೆ ಸ್ಕೇಲಿನಲ್ಲಿ ಮೂರು ಗೆರೆ ಎಣಿಸಿದರೆ ಸಾಕು, ಕ್ಯಾಲ್ಕುಲೇಟರ್ ಬೇಡ. ಕಾರಿನ 106 ಇಂಚಿನ ಚಕ್ರಾಂತರ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 107.7 ಮಿ.ಮೀ. ಬರಬೇಕು. ಕಿಟ್ ಬಂದ ದಿನವೇ ಇದನ್ನು ಅಳೆದು ನೋಡುವುದು ನನ್ನ ಚಟ.

ಕೊಳ್ಳುವಾಗ ಇನ್ನೊಂದು ಗೊಂದಲ: ಮೂರು ಕಿಟಕಿಯ ಕೂಪೆಯೋ, ಐದು ಕಿಟಕಿಯದೋ? ಬಾಗಿಲಿನ ಎರಡು, ಹಿಂದಿನದು ಒಂದು ಸೇರಿ ಮೂರು. ಬಾಗಿಲಿನ ಹಿಂದೆ ಪಕ್ಕಕ್ಕೊಂದು ಚಿಕ್ಕ ಕಿಟಕಿ ಇದ್ದರೆ ಐದು. ಮುಂದಿನ ಗಾಜು ಲೆಕ್ಕಕ್ಕಿಲ್ಲ. ಕತ್ತರಿಸುವವನಿಗೆ ಮೂರು ಕಿಟಕಿಯದು ಸುಲಭ, ಕಂಬಗಳು ಕಡಿಮೆ.

ಇದೇ ನನ್ನ ಮೊದಲ ಕಿಟ್. ನೇರವಾಗಿ ಗರಗಸ ಹಾಕಬಹುದೇ?

ಬೇಡ. ಆತುರಗಾರನಿಗೆ ಬುದ್ಧಿ ಮಟ್ಟ. ಮೊದಲು ಒಂದು ಕಿಟ್ಟನ್ನು ಡಬ್ಬಿಯಲ್ಲಿರುವ ಹಾಗೆಯೇ ಕಟ್ಟಿ ಮುಗಿಸಿ. ಛಾವಣಿಯನ್ನು ತಗ್ಗಿಸಿಯೇ ಅಚ್ಚು ಹಾಕಿದ ಕಿಟ್‌ಗಳೂ ಸಿಗುತ್ತವೆ; ಅವುಗಳಿಂದ ಆರಂಭಿಸುವುದರಲ್ಲಿ ನಾಚಿಕೆಯೇನಿಲ್ಲ. ಕತ್ತರಿಸಲೇಬೇಕೆಂದು ಕೈ ತುರಿಸುತ್ತಿದ್ದರೆ ಮನೆಯ ಮಕ್ಕಳು ಚಕ್ರ ಮುರಿದು ಬಿಸಾಡಿದ ಪ್ಲಾಸ್ಟಿಕ್ ಕಾರಿನ ಮೇಲೆ ಪ್ರಯೋಗ ನಡೆಸಿ.

ಎಷ್ಟು ತಗ್ಗಿಸಬೇಕು?

1932ರ ಫೋರ್ಡ್‌ಗೆ ಮೂರು ಇಂಚು ಕಣ್ಣಿಗೆ ಒಪ್ಪುತ್ತದೆ. ನಾಲ್ಕು ಎಂದರೆ ಸಿಟ್ಟಿನ ಮುಖ. ಐದು ದಾಟಿದರೆ ಅದು ಕೆರೆಯಂಗಳದ ಕಾರು, ಡ್ರ್ಯಾಗ್ ಕಾರಲ್ಲ. ಕಣ್ಣಿನ ಮೇಲೆ ನಂಬಿಕೆ ಇಲ್ಲದಿದ್ದರೆ ಚಾಲಕನನ್ನು ಕೇಳಿ. ಕೂತ ಮನುಷ್ಯನ ಎತ್ತರ, ಆಸನದಿಂದ ನೆತ್ತಿಯವರೆಗೆ, ಸುಮಾರು 90 ಸೆಂಟಿಮೀಟರ್. 1:25ರಲ್ಲಿ 36 ಮಿ.ಮೀ. ಅಷ್ಟುದ್ದದ ಕಡ್ಡಿಯನ್ನು ಕತ್ತರಿಸಿ ಸೀಟಿನ ಮೇಲೆ ನಿಲ್ಲಿಸಿ, ಮೇಲೆ ಹೆಲ್ಮೆಟ್‌ಗೆಂದು ಒಂದು ಮಿ.ಮೀ. ಸೇರಿಸಿ. ಛಾವಣಿ ಕಡ್ಡಿಗೆ ತಾಗಿದರೆ ಸೀಟನ್ನು ನೆಲಕ್ಕೆ ಇಳಿಸಬೇಕು. ಆ ಹುಡುಗರೂ ಅದನ್ನೇ ಮಾಡಿದ್ದರು: ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ವಿಮಾನದ ಅಲ್ಯುಮಿನಿಯಂ ಸೀಟು, ವಿಮಾನದ್ದೇ ಬೆಲ್ಟು, ಎಲ್ಲವೂ ನೆಲಕ್ಕೇ ಬೋಲ್ಟ್.

ಸರಿ, ಕತ್ತರಿಸುವುದು ಹೇಗೆ?

ಮೂರು ಮಿ.ಮೀ. ಅಗಲದ ಮಾಸ್ಕಿಂಗ್ ಟೇಪ್ ಸಿಗುತ್ತದೆ. 1:25ರಲ್ಲಿ ಅದೇ ನಿಮ್ಮ ಮೂರು ಇಂಚು. ಬಾಡಿಯನ್ನು ಸಮತಟ್ಟಾದ ಗಾಜಿನ ತುಂಡಿನ ಮೇಲಿಟ್ಟು, ಆ ಟೇಪನ್ನು ಎಲ್ಲ ಕಂಬಗಳ ಸುತ್ತ ಒಂದೇ ಮಟ್ಟದಲ್ಲಿ ಸುತ್ತಿ. ಕಂಬ ಎಲ್ಲಿ ಹೆಚ್ಚು ನೆಟ್ಟಗಿದೆಯೋ, ಎಲ್ಲಿ ದಪ್ಪ ಬದಲಾಗುವುದಿಲ್ಲವೋ ಅಲ್ಲಿ ಸುತ್ತಬೇಕು. ಕಿಟಕಿಯ ಮೂಲೆಯ ತಿರುವಿನಲ್ಲಿ ಸುತ್ತಿದರೆ ಮೇಲಿನ ತುಂಡು ಒಂದು ದಪ್ಪ, ಕೆಳಗಿನದು ಇನ್ನೊಂದು ದಪ್ಪ ಆಗುತ್ತದೆ. ಟೇಪಿನ ಎರಡೂ ಅಂಚು ನಿಮ್ಮ ಗೆರೆಗಳು.

ಗರಗಸದ ಹಲ್ಲಿಗೂ ದಪ್ಪವಿದೆ, ತೆಳ್ಳನೆಯ ರೇಜರ್ ಗರಗಸವಾದರೂ ಕಾಲು ಮಿಲಿಮೀಟರ್ ತಿನ್ನುತ್ತದೆ. ಗೆರೆಯ ನಡುಮಧ್ಯೆ ಓಡಿಸಿದರೆ ನಿಮ್ಮ ಮೂರು ಇಂಚು ಮೂರೂಕಾಲು ಆಗಿ, ಪ್ರತಿ ಕಂಬದಲ್ಲೂ ಬೇರೆ ಬೇರೆಯಾಗುತ್ತದೆ. ಹಾಗಾಗಿ ಬಿಸಾಡುವ ಪಟ್ಟಿಯ ಕಡೆಗೆ ಗರಗಸ ಇಟ್ಟು, ಉಳಿದದ್ದನ್ನು ಅರದಿಂದ ಉಜ್ಜಿ ಗೆರೆಗೆ ತನ್ನಿ. ಕಂಬ ಸಣ್ಣದಾಗಿ ಗರಗಸಕ್ಕೆ ಅದುರುತ್ತಿದ್ದರೆ ಹೊಲಿಗೆ ದಾರ ಹಿಡಿದು ಹಿಂದೆ ಮುಂದೆ ಎಳೆಯಿರಿ. ದಾರ ಪ್ಲಾಸ್ಟಿಕ್ಕನ್ನು ಕೊಯ್ಯುತ್ತದೆ ಎಂದರೆ ಮೊದಲು ನಾನೂ ನಂಬಿರಲಿಲ್ಲ.

ಹಿಂದಿನ ಕಿಟಕಿ ಬೇರೆಯದೇ ತಲೆನೋವು. ಅದನ್ನೂ ಅಡ್ಡ ಕತ್ತರಿಸಿದರೆ ಚಪ್ಪಟೆಯಾಗಿ ನಿದ್ದೆಗಣ್ಣಿನಂತೆ ಕಾಣುತ್ತದೆ. ಕಿಟಕಿಯನ್ನು ಸುತ್ತುವ ಹಾಗೆ ಗೆರೆಯನ್ನು ಕೆಳಗಿನಿಂದ ಒಯ್ದು, ಇಡೀ ಕಿಟಕಿಯನ್ನು ಛಾವಣಿಯ ಜೊತೆಗೇ ಇಳಿಸುವುದು ನನಗೆ ಇಷ್ಟ. ಕೆಲಸ ಇಮ್ಮಡಿ.

ನಾನು ಮೊದಲ ಸಲ ಮಾಡಿದ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಟೇಪ್ ಸುತ್ತುವುದಕ್ಕೆ ಬೇಸರವಾಗಿ ಕಣ್ಣಳತೆಯಲ್ಲೇ ಕತ್ತರಿಸಿದೆ. ಮುಂದೆ ಮೂರು ಮಿ.ಮೀ. ಹೋಯಿತು, ಹಿಂದೆ ನಾಲ್ಕು. ಕಾರು ತಲೆಯ ಮೇಲಿನ ಟೋಪಿ ಹಿಂದಕ್ಕೆ ಜಾರಿದ ಕುಡುಕನ ಹಾಗೆ ಕಂಡಿತು. ಸರಿಪಡಿಸಲು ಮುಂದಿನಿಂದ ಇನ್ನೊಂದು ಮಿ.ಮೀ. ತೆಗೆಯಲು ಹೋದೆ, ಕಂಬವೇ ಮುರಿದು ಎಲ್ಲೋ ಹಾರಿತು. ಆ ಬಾಡಿ ಈಗ ಬಣ್ಣ ಪರೀಕ್ಷೆಗೆ ಮೀಸಲು.

ಕತ್ತರಿಸಿ ಇಳಿಸಿದೆ. ಕಂಬಗಳು ಒಂದರ ಮೇಲೊಂದು ಕೂರುತ್ತಿಲ್ಲ. ಎಲ್ಲಿ ತಪ್ಪಿದೆ?

ತಪ್ಪಿಲ್ಲ, ಅದು ರೇಖಾಗಣಿತ. ಮುಂದಿನ ಕಂಬ ಹಿಂದಕ್ಕೆ ವಾಲಿದೆ, ಹಿಂದಿನದು ಮುಂದಕ್ಕೆ, ಪಕ್ಕಗಳು ಒಳಕ್ಕೆ. ಮೇಲೆ ಹೋದಂತೆ ಕಾರು ಕಿರಿದಾಗುತ್ತದೆ. ನಡುವಿನ ಪಟ್ಟಿ ತೆಗೆದರೆ ಚಿಕ್ಕ ಛಾವಣಿ ದೊಡ್ಡ ಬುಡದ ಮೇಲೆ ಬಂದು ಕೂರಬೇಕಾಗುತ್ತದೆ. ಕಂಬ ನೆಟ್ಟನೆಯ ಗೆರೆಯಿಂದ 10 ಡಿಗ್ರಿ ವಾಲಿದ್ದರೆ, 3 ಮಿ.ಮೀ. ಇಳಿಸಿದಾಗ ಬರುವ ಅಂತರ ಅರ್ಧ ಮಿ.ಮೀ. ಮಾತ್ರ. 30 ಡಿಗ್ರಿ ವಾಲಿದ್ದರೆ 1.7 ಮಿ.ಮೀ. 1932ರ ಫೋರ್ಡ್‌ನ ಮುಂದಿನ ಗಾಜು ಬಹುತೇಕ ನೆಟ್ಟಗಿರುವುದರಿಂದಲೇ ಹೊಸಬರಿಗೆ ಇದನ್ನು ಹೇಳುವುದು. 1949ರ ಮರ್ಕ್ಯುರಿಯಂಥ ದುಂಡು ಕಾರನ್ನು ಮುಟ್ಟಿದರೆ ಈ ಲೆಕ್ಕವೇ ನಿಮ್ಮನ್ನು ಅಳಿಸುತ್ತದೆ.

ಅರ್ಧ ಮಿ.ಮೀ. ಅಂತರವಾದರೆ ಕೆಳಗಿನ ಕಂಬದ ಬುಡದಲ್ಲಿ ಒಳಗಿನಿಂದ ಅರ್ಧ ದಪ್ಪಕ್ಕೆ ಒಂದು ಗೀರು ಹಾಕಿ, ಕಂಬವನ್ನು ಮೆಲ್ಲನೆ ವಾಲಿಸಿ ಸೇರಿಸಿ. ಹೆಚ್ಚಿದ್ದರೆ ಛಾವಣಿಯನ್ನೇ ಅಡ್ಡಲಾಗಿ ಎರಡು ಮಾಡಿ, ನಡುವೆ ಸ್ಟೈರೀನ್ ಪ್ಲಾಸ್ಟಿಕ್ ಪಟ್ಟಿ ಸೇರಿಸಿ ಉದ್ದ ಮಾಡಬೇಕು. ಇಲ್ಲಿ ಇತಿಹಾಸವೇ ನಿಮ್ಮ ನೆರವಿಗೆ ಬರುತ್ತದೆ: 1932ರ ಫೋರ್ಡ್ ಛಾವಣಿಯ ನಡುಭಾಗ ಉಕ್ಕಿನದಲ್ಲ, ಬಟ್ಟೆಯ ಹೊದಿಕೆ. ಹಾಟ್ ರಾಡ್ ಹುಡುಗರು ಆ ತೂತನ್ನು ಬೇರೆ ಕಾರಿನ ತಗಡಿನಿಂದ ಮುಚ್ಚುತ್ತಿದ್ದರು. ನೀವು ನಿಮ್ಮ ಜೋಡಣೆಯ ಗಾಯವನ್ನು ಆ ಭಾಗದಲ್ಲೇ ಅಡಗಿಸಿ, ನುಣುಪಾಗಿ ಉಜ್ಜಿಬಿಟ್ಟರೆ ನೋಡಿದವರು "ಓಹೋ, ಛಾವಣಿ ತುಂಬಿಸಿದ್ದಾರೆ" ಎಂದು ತಲೆದೂಗುತ್ತಾರೆ.

ಯಾವ ಅಂಟು, ಯಾವ ಪುಟ್ಟಿ?

ಕಂಬಗಳಿಗೆ ನೀರಿನಂತೆ ತೆಳ್ಳಗಿರುವ ಪ್ಲಾಸ್ಟಿಕ್ ಸಿಮೆಂಟ್. ಅದು ಅಂಟಲ್ಲ, ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ದ್ರಾವಕ. ಹಾಗಾಗಿ ಬೆಸೆದ ಜಾಗ ಒಂದಿಡೀ ದಿನ ಮೆತ್ತಗಿರುತ್ತದೆ, ಮುಟ್ಟಬೇಡಿ. ಒಳಗಡೆಯಿಂದ ಪ್ರತಿ ಕಂಬಕ್ಕೂ ತೆಳ್ಳನೆಯ ಸ್ಟೈರೀನ್ ಪಟ್ಟಿಯ ಊರೆಗೋಲು ಕೊಡಿ. ಸಂದುಗಳಿಗೆ ಫೆವಿಕ್ವಿಕ್ ಒಂದು ಹನಿ ಹಾಕಿ ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಅದೇ ದಿನ ಉಜ್ಜಿಬಿಡಿ. ಮರುದಿನಕ್ಕೆ ಬಿಟ್ಟರೆ ಅದು ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಎಮರಿ ಕಾಗದ ಪ್ಲಾಸ್ಟಿಕ್ಕನ್ನು ತಿಂದು ಪುಟ್ಟಿಯನ್ನು ಗುಡ್ಡೆಯಂತೆ ಉಳಿಸುತ್ತದೆ.

ಒಂದು ಪದರ ಪ್ರೈಮರ್ ಹೊಡೆದು ಒಂದು ವಾರ ಪಕ್ಕಕ್ಕಿಡಿ. ದ್ರಾವಕ ಪೂರ್ತಿ ಆರಿದ ಮೇಲೆ ಕೂಡುಗೆರೆ ಮತ್ತೆ ತಲೆ ಎತ್ತುತ್ತದೆ. ಆಗ ಇನ್ನೊಮ್ಮೆ ಉಜ್ಜಿ. ಬಣ್ಣ ಹೊಡೆದ ಮೇಲೆ ತಲೆ ಎತ್ತುವುದಕ್ಕಿಂತ ಇದು ವಾಸಿ.

ಕಿಟ್‌ನ ಗಾಜು ಈಗ ದೊಡ್ಡದಾಯಿತಲ್ಲ?

ಬಿಸಾಡಿ. ಅಂಗಿ ಡಬ್ಬಿಯ ಪಾರದರ್ಶಕ ಹಾಳೆಯಲ್ಲಿ ಹೊಸದು ಕತ್ತರಿಸಿ. ಮೊದಲು ಕಾಗದದಲ್ಲಿ ಅಳತೆ ತೆಗೆಯಿರಿ. ಅಂಟಿಸಲು ಬಿಳಿ ಫೆವಿಕಾಲ್, ಆರಿದರೆ ಪಾರದರ್ಶಕ. ಫೆವಿಕ್ವಿಕ್ ಮಾತ್ರ ಗಾಜಿನ ಹತ್ತಿರ ತರಬೇಡಿ, ಅದರ ಆವಿಗೆ ಇಡೀ ಗಾಜು ಮಂಜು ಹಿಡಿದಂತೆ ಬಿಳಿಚುತ್ತದೆ.

1959ರ ಕಾರಿಗೆ ಯಾವ ಎಂಜಿನ್ ಸರಿ?

ಮೂರು ಉತ್ತರಗಳಿವೆ, ಮೂರೂ ಸರಿ. ಫೋರ್ಡ್‌ನ ಹಳೆಯ ಫ್ಲ್ಯಾಟ್‌ಹೆಡ್ ವಿ8, ಅಂದರೆ 1932ರಲ್ಲಿ ಬಂದ ಆ ಎಂಜಿನ್ ಜಾತಿಯನ್ನೇ, ಇಟ್ಟುಕೊಂಡವರು ಇನ್ನೂ ಇದ್ದರು, ಆದರೆ ಅದು ಅಜ್ಜನ ಮೇಲಿನ ಪ್ರೀತಿಯಂಥದ್ದು. 1955ರಲ್ಲಿ ಷೆವ್ರೊಲೆ 265 ಘನ ಇಂಚಿನ ಹಗುರ ವಿ8 ತಂದಿತು, 1957ರಲ್ಲಿ ಅದೇ 283 ಆಯಿತು. ಫ್ಲ್ಯಾಟ್‌ಹೆಡ್ ಕಾಲ ಅಲ್ಲಿಗೆ ಮುಗಿಯಿತು. ದುಡ್ಡೂ ಧೈರ್ಯವೂ ಇದ್ದವರು ಕ್ರೈಸ್ಲರ್ ಕಂಪನಿಯ ಹೆಮಿ ಎಂಬ ವಿ8 ಹಾಕಿ, ಮೇಲೆ ಎಂಜಿನ್ನಿಗೆ ಗಾಳಿ ತುರುಕುವ ಜಿಎಂಸಿ 6-71 ಸೂಪರ್‌ಚಾರ್ಜರ್ ಕೂರಿಸಿದರು. ಆ ಸೂಪರ್‌ಚಾರ್ಜರ್ ಓಟಕ್ಕೆಂದು ಹುಟ್ಟಿದ್ದಲ್ಲ. ಆರು ಸಿಲಿಂಡರ್, ಒಂದೊಂದೂ 71 ಘನ ಇಂಚು ಇರುವ ಡೀಸೆಲ್ ಎಂಜಿನ್ನಿನ ಬ್ಲೋವರ್ ಅದು, ಹೆಸರಿನಲ್ಲೇ ಇದೆ. ಇಂಧನ ಮಾತ್ರ ಪೆಟ್ರೋಲ್ ಎಂದೇ ಇಟ್ಟುಕೊಳ್ಳಿ: 1957ರಿಂದ 1963ರವರೆಗೆ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಓಟಗಳಲ್ಲಿ ನೈಟ್ರೋಮೀಥೇನ್ ಎಂಬ ಜೋರು ಇಂಧನ ನಿಷೇಧವಾಗಿತ್ತು.

ಗುರುತು ತಪ್ಪಬಾರದು. ಫ್ಲ್ಯಾಟ್‌ಹೆಡ್‌ನಲ್ಲಿ ಒಂದು ಕಡೆಗೆ ನಾಲ್ಕು ಸಿಲಿಂಡರ್ ಇದ್ದರೂ ಹೊಗೆ ದಾರಿ ಮೂರೇ, ನಡುವಿನ ಎರಡು ಒಂದನ್ನೇ ಹಂಚಿಕೊಳ್ಳುತ್ತವೆ. ನಾಲ್ಕು ಪೈಪ್ ಹಾಕಿದ ಫ್ಲ್ಯಾಟ್‌ಹೆಡ್ ಮಾದರಿಗಳನ್ನು ನಾನು ನೋಡಿದ್ದೇನೆ, ನೋಡಿ ಸುಮ್ಮನಿದ್ದೇನೆ. ಷೆವ್ರೊಲೆಯಲ್ಲಿ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂದೆ, ಕ್ಯಾಬಿನ್ ಗೋಡೆಯ ಹತ್ತಿರ. ಹೆಮಿಯ ಸ್ಪಾರ್ಕ್ ಪ್ಲಗ್‌ಗಳು ಅಗಲವಾದ ವಾಲ್ವ್ ಕವರ್‌ನ ನಡುವೆಯೇ ಇಳಿಯುತ್ತವೆ.

ಪ್ಲಗ್ ತಂತಿ ಎಳೆಯುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟ. ನಿಜ ತಂತಿ ಏಳೆಂಟು ಮಿ.ಮೀ. ದಪ್ಪ, ಮಾದರಿಯಲ್ಲಿ 0.3. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಎನಾಮಲ್ ಲೇಪದ ವೈಂಡಿಂಗ್ ತಂತಿಯ ಚೂರು ಕೇಳಿ, 30 ಗೇಜಿನದು ಸರಿಹೋಗುತ್ತದೆ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ ಒಂದು ಸುತ್ತು ಹೋದರೆ ತಂತಿಯೂ ಅರ್ಧ ಮಿ.ಮೀ. ಡ್ರಿಲ್ ಬಿಟ್ಟೂ ಒಟ್ಟಿಗೆ ಸಿಗುತ್ತವೆ. ಷೆವ್ರೊಲೆಯಲ್ಲಿ ಎಡಸಾಲು 1, 3, 5, 7; ಬಲಸಾಲು 2, 4, 6, 8; ಉರಿಯುವ ಕ್ರಮ 1-8-4-3-6-5-7-2. ಆ ಕ್ರಮದಲ್ಲೇ ತಂತಿ ಎಳೆಯಿರಿ. ಯಾರೂ ಪರೀಕ್ಷಿಸುವುದಿಲ್ಲ, ನಿಜ. ಆದರೂ ಎಳೆಯಿರಿ.

ಎಂಜಿನ್ನನ್ನು ಎಷ್ಟು ಹಿಂದಕ್ಕೆ ಕೂರಿಸಬಹುದು?

ಹಿಂದಿನ ಚಕ್ರದ ಮೇಲೆ ಭಾರ ಬೀಳಲೆಂದು ಎಲ್ಲರೂ ಹಿಂದಕ್ಕೆ ತಳ್ಳುತ್ತಿದ್ದರು, ನಿಯಮ ಅದಕ್ಕೆ ಬೇಲಿ ಹಾಕಿತು. 60ರ ದಶಕದ ನಿಯಮದಲ್ಲಿ ಗ್ಯಾಸ್ ವರ್ಗಕ್ಕೆ (ರಸ್ತೆ ಕಾರಿಗೆ ಹತ್ತಿರವಿದ್ದು ಪೆಟ್ರೋಲಿನಲ್ಲಿ ಓಡುವವು) ಚಕ್ರಾಂತರದ ಶೇ. 10, ಇನ್ನೂ ಹೆಚ್ಚು ಮಾರ್ಪಡಿಸಿದ ಕಾರುಗಳ ಆಲ್ಟರ್ಡ್ ವರ್ಗಕ್ಕೆ ಶೇ. 25. ನಮ್ಮ ಮಾದರಿಯಲ್ಲಿ ಅದು ಸುಮಾರು 11 ಮತ್ತು 27 ಮಿ.ಮೀ. ಇಪ್ಪತ್ತೇಳು ಎಂದರೆ ಕ್ಯಾಬಿನ್ ಗೋಡೆಗೆ ಮತ್ತೆ ಗರಗಸ, ಚಾಲಕನ ಮೊಣಕಾಲು ಎಂಜಿನ್ನಿನ ಪಕ್ಕ.

ಚಕ್ರ, ಟೈರ್?

ಹಿಂದೆ ಅಗಲವಾದ, ಗೀರುಗಳಿಲ್ಲದ ಸ್ಲಿಕ್, ಮುಂದೆ ಸಣಕಲು ಟೈರ್. ಹೊಸ ವಿನೈಲ್ ಟೈರಿನ ಹೊಳಪನ್ನು ಎಮರಿ ಕಾಗದದಿಂದ ಕೊಲ್ಲಿ. ವಿನೈಲ್ ಟೈರ್‌ನೊಳಗಿನ ಎಣ್ಣೆಯಂಥ ರಾಸಾಯನಿಕ ವರ್ಷಗಳಲ್ಲಿ ಪ್ಲಾಸ್ಟಿಕ್ ಚಕ್ರವನ್ನು ಕರಗಿಸುತ್ತದೆ. ನಡುವೆ ಒಂದು ಸುತ್ತು ಬಣ್ಣವೋ ತೆಳು ಹಾಳೆಯೋ ಇರಲಿ.

ಹ್ಯಾಲಿಬ್ರಾಂಡ್ ಕಂಪನಿಯ ಚಕ್ರಗಳನ್ನು ಕ್ರೋಮ್‌ನಲ್ಲೇ ಬಿಡುವುದು ಎಲ್ಲರೂ ಮಾಡುವ ತಪ್ಪು. ನಿಜವಾದವು ಎರಕದ ಮೆಗ್ನೀಸಿಯಂ, ಮಂಕು ಬೂದು ಬಣ್ಣ. ಕಿಟ್‌ನ ಕ್ರೋಮ್ ಎಂದರೆ ನಿರ್ವಾತದಲ್ಲಿ ಹಿಡಿಸಿದ ಅಲ್ಯುಮಿನಿಯಂ ಪೊರೆ. ಬಟ್ಟೆಗೆ ಹಾಕುವ ಬ್ಲೀಚ್ ದ್ರವದಲ್ಲಿ ಮುಳುಗಿಸಿಟ್ಟರೆ ಕರಗಿಹೋಗುತ್ತದೆ. ಕಿಟಕಿ ತೆರೆದಿಟ್ಟು ಮಾಡಿ, ಶೌಚಾಲಯ ತೊಳೆಯುವ ಆಸಿಡ್ ಅದರ ಹತ್ತಿರವೂ ಬರಬಾರದು, ಎರಡೂ ಸೇರಿದರೆ ಕ್ಲೋರಿನ್ ವಿಷಾನಿಲ.

ಕ್ರೇಗರ್ ಎಸ್ಎಸ್ ಚಕ್ರ ಬೇಡ. ಅದು 1964ರದು, ನಿಮ್ಮ ಮುಚ್ಚಳದ ಒಳಗೆ ಬರೆದದ್ದು 1959.

ಮೂಗು ಎತ್ತಿ ನಿಲ್ಲಿಸಬೇಕೇ?

ಮೂಗೆತ್ತಿದ ನಿಲುವು ಗ್ಯಾಸ್ ವರ್ಗದ ಕಾರುಗಳಾದ 60ರ ದಶಕದ ಗ್ಯಾಸರ್‌ಗಳ ಗುರುತು. ಛಾವಣಿ ತಗ್ಗಿಸಿದ ಹಳೆಯ ಕೂಪೆ ನೆಲಕ್ಕೆ ಹತ್ತಿರ, ಹೆಚ್ಚುಕಡಿಮೆ ಸಮವಾಗಿ ನಿಂತರೆ ಚೆಂದ.

ಬಣ್ಣ?

ಬರಿಯ ಪ್ರೈಮರ್ ಸಾಕು ಎಂದರೆ ಜನ ನಂಬುವುದಿಲ್ಲ. ದುಡ್ಡೆಲ್ಲ ಎಂಜಿನ್ನಿಗೆ ಸುರಿದ ಹುಡುಗನ ಕಾರು ಬೂದು ಬಣ್ಣದಲ್ಲೋ ರೆಡ್ ಆಕ್ಸೈಡ್‌ನಲ್ಲೋ ಓಡುತ್ತಿತ್ತು. ನಮ್ಮ ಮನೆಗಳ ಕಿಟಕಿ ಸರಳಿಗೆ ಬಳಿಯುವ ಅದೇ ಕೆಂಗಂದು. ಬಾಗಿಲಿನ ಮೇಲೆ ಕೈಬರಹದ ಸಂಖ್ಯೆ, ವರ್ಗದ ಅಕ್ಷರ, ಅಷ್ಟೇ. ಹೊಳೆಯುವ ಮೆಟಲ್‌ಫ್ಲೇಕ್ ಮುಂದಿನ ದಶಕದ ಫ್ಯಾಷನ್. ಅದರ ಚೂರುಗಳು 1:25ರಲ್ಲಿ ಊಟದ ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತವೆ.

ಲ್ಯಾಕರ್ ಸ್ಪ್ರೇ ಬಳಸುವುದಾದರೆ ಪ್ರೈಮರ್ ಇಲ್ಲದೆ ಬರಿ ಪ್ಲಾಸ್ಟಿಕ್ ಮೇಲೆ ಹೊಡೆಯಬೇಡಿ, ಮೈಯೆಲ್ಲ ಬಿರುಕು. ಮಳೆಗಾಲದ ಸಂಜೆಯೂ ಬೇಡ. ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿ ಬೂದಿ ಬಳಿದಂತೆ ಬಿಳಿಚುತ್ತದೆ. ಜುಲೈ ತಿಂಗಳಲ್ಲಿ ನಾನು ಎಂಜಿನ್ ತಂತಿ ಎಳೆಯುತ್ತಾ ಕೂರುತ್ತೇನೆ.

ಕಾರಿನ ಜೊತೆ ಟ್ರ್ಯಾಕನ್ನೂ ಕಟ್ಟಬಹುದೇ?

ಕಾಲು ಮೈಲಿ 1:25ರಲ್ಲಿ 16 ಮೀಟರ್ ಒಂಬತ್ತು ಸೆಂಟಿಮೀಟರ್ ಆಗುತ್ತದೆ. ಮನೆಯಲ್ಲಿ ಅಷ್ಟು ಉದ್ದದ ಪಡಸಾಲೆ ಇದ್ದು, ಮನೆಯವರು ಒಪ್ಪಿದರೆ ಧಾರಾಳವಾಗಿ. ಇಲ್ಲವಾದರೆ ಆರಂಭದ ಗೆರೆಯ ಒಂದು ಗೇಣು ಸಾಕು: ಬೂದು ಡಾಂಬರು, ಮೇಲೆ ಟೈರ್ ಉಜ್ಜಿದ ಎರಡು ಕಪ್ಪು ಪಟ್ಟೆ. ಎರಡು ಕಾರುಗಳ ನಡುವೆ ಬಣ್ಣದ ದೀಪದ ಕಂಬ ನೆಡಬೇಡಿ, ಕ್ರಿಸ್‌ಮಸ್ ಟ್ರೀ ಎಂದು ಕರೆಯುವ ಅದು ಬಂದದ್ದು 1963ರಲ್ಲಿ. ನಿಮ್ಮ 1959ರಲ್ಲಿ ಅಲ್ಲಿ ನಿಂತಿರಬೇಕಾದದ್ದು ಬಾವುಟ ಹಿಡಿದ ಮನುಷ್ಯ. ಅವನ ಎತ್ತರ 70 ಮಿ.ಮೀ.